‘ಮಕ್ಕಳೇ’ ಎನ್ನಲು 8 ತಿಂಗಳು

ಕಳೆದ ಸೋಮವಾರ ಒಂಬತ್ತನೇ ತರಗತಿಗೆ ಹೋಗಿ, 40 ನಿಮಿಷದ ಪೀರಿಯಡನ್ನು ಪೂರ್ತಿ ಪಾಠ ಮಾಡಿ ಬಂದೆ. ಕನ್ನಡ ಮೇಷ್ಟರು ಕನ್ನಡ ಪಾಠ ಮಾಡಿದ್ದರಲ್ಲಿ ಹೇಳಿಕೊಳ್ಳುವಂಥದ್ದೇನು ಎಂದು ಹೊಸಬರಿಗೆ ಅನ್ನಿಸಬಹುದು. ದಸರಾ ರಜೆಯಲ್ಲಿ ರೂಟ್ ಕೆನಾಲ್ ಮಾಡಿಸಿಕೊಂಡ ಮೇಲಿನ ನನ್ನ ಪಾಡನ್ನು ಕಂಡಿರುವ ನಿಮಗೆ ಅದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಒಂದು ವಿಷಯವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಳಕಾರ ಉಚ್ಚರಿಸುವಾಗ ನಾಲಿಗೆಯ ಅಂಚು ಎಡಗಡೆಯ ಆ ದವಡೆಹಲ್ಲನ್ನು ಸವರಿ ಹೋಗುತ್ತಿತ್ತು, ಸವರಿದೊಡನೆ ಕಿವಿಯವರೆಗೂ ಉರಿ ಹತ್ತುತ್ತಿತ್ತು. ‘ಮಕ್ಕಳೇ’ ಎಂದು ಪಾಠ ಶುರುಮಾಡುವ ರೂಢಿ ಬಿಟ್ಟು ‘ನೋಡ್ರಪ್ಪ’ ಎನ್ನತೊಡಗಿದ್ದು ಆ ಕಾರಣಕ್ಕೆ.

ನನ್ನ ಪೀರಿಯಡ್‌ಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ, ರಜೆ ಅರ್ಜಿಗೆ ಮರುಮಾತಿಲ್ಲದೆ ಸಹಿ ಹಾಕಿದ ಮುಖ್ಯೋಪಾಧ್ಯಾಯರಿಗೆ, ಶಿವಮೊಗ್ಗದಿಂದ ದಾವಣಗೆರೆಗೆ ಮೂರು ಸಲ ಹೊನ್ನಾಳಿ ದಾರಿಯ ಬಸ್ಸಿನಲ್ಲಿ ಜೊತೆಗೆ ಬಂದ ಅಣ್ಣನಿಗೆ, ಲವಂಗದ ಎಣ್ಣೆಯಿಂದ ಹಿಡಿದು ಹರಕೆಯವರೆಗೆ ತಿಳಿದ ಮದ್ದನ್ನೆಲ್ಲ ಹೇಳಿದ ನೆರೆಹೊರೆಯವರಿಗೆ ಒಟ್ಟಾಗಿ ಕೈ ಮುಗಿಯುತ್ತೇನೆ. (ಹೆಂಡತಿಗೆ ಇಲ್ಲಿ ಧನ್ಯವಾದ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ.) ಚುಟುಕಾಯಿತೆಂದು ಬೇಸರಿಸಬೇಡಿ, ಇವತ್ತು ನಾನು ಬರೆಯಲು ಕೂತಿರುವುದು ಅತ್ತಿಗೆಯ ಬಗ್ಗೆ.

ಅದು ಸಂಕ್ರಾಂತಿಯ ರಾತ್ರಿ. ಹಿಂದಿನ ಎರಡು ರಾತ್ರಿ ನಿದ್ದೆಗೆಟ್ಟಿದ್ದ ನನ್ನ ಹೆಂಡತಿಯನ್ನು ಒಳಗೆ ಮಲಗಲು ಕಳಿಸಿ, ಹಬ್ಬಕ್ಕೆ ಬಂದಿದ್ದ ಅತ್ತಿಗೆ ನಡುಮನೆಯಲ್ಲಿ ನನ್ನೆದುರು ಚಾಪೆ ಹಾಕಿಕೊಂಡು ಕೂತರು. ಅವರು ಅಂಗನವಾಡಿ ಕಾರ್ಯಕರ್ತೆ, ರಿಜಿಸ್ಟರ್ ಬರೆದು ಪಳಗಿದ ಕೈ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಬರೆಯುತ್ತಾ ಹೋದರು. ‘1:30 – ಉರಿ. ತಣ್ಣೀರು ಬಾಯಲ್ಲಿಟ್ಟುಕೊಂಡ, ವ್ಯತ್ಯಾಸ ಇಲ್ಲ. 2:10 – ಬಿಸಿನೀರು, ವ್ಯತ್ಯಾಸ ಇಲ್ಲ. 2:40 – ಮಾತಾಡುತ್ತಿಲ್ಲ.’

ಮೂರು ಗಂಟೆಯ ಹೊತ್ತಿಗೆ ನಾನು ಎದ್ದು ಅಟ್ಟದ ಕೆಳಗಿನ ಪೆಟ್ಟಿಗೆಯಿಂದ ಇಕ್ಕಳ ತೆಗೆದುಕೊಂಡು ಬಚ್ಚಲ ಕನ್ನಡಿಯ ಮುಂದೆ ನಿಂತಿದ್ದೆ. ಇದನ್ನು ಬರೆಯಬೇಕೋ ಬೇಡವೋ ಎಂದು ವಾರವಿಡೀ ಯೋಚಿಸಿದ್ದೇನೆ. ಹಲ್ಲು ಸರಿಯಾಗಿದೆ, ಎಕ್ಸ್‌ರೇಯಲ್ಲಿ ಏನೂ ಇಲ್ಲ, ಎಲ್ಲ ನಿಮ್ಮ ಮನಸ್ಸಿನಲ್ಲಿದೆ ಎಂದು ಕೇಳಿ ಕೇಳಿ, ನಾನೇ ಸುಳ್ಳು ಹೇಳುತ್ತಿದ್ದೇನೆಯೇ ಎಂದು ನನಗೇ ಅನುಮಾನ ಹುಟ್ಟಿತ್ತು. ಹಲ್ಲನ್ನು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದರಾದರೂ ನಂಬುತ್ತಾರೆಂಬ ಹುಚ್ಚು. ಅತ್ತಿಗೆ ಕೂಗಾಡಲಿಲ್ಲ, ಯಾರನ್ನೂ ಎಬ್ಬಿಸಲಿಲ್ಲ. ಕೈಯಿಂದ ಇಕ್ಕಳ ಬಿಡಿಸಿಕೊಂಡು, “ಬೆಳಗಾಗ್ಲಿ ತಡಿ, ಹಲ್ಲೇನು ಎದ್ದು ಓಡಿಹೋಗಲ್ಲ” ಎಂದರು. ನಾನು ಅವರ ಮುಂದೆ ಅತ್ತೆ. ಆಮೇಲಿನ ಸಾಲು ಅವರ ಅಕ್ಷರದಲ್ಲೇ ಇದೆ: ‘3:50 – ನಿದ್ದೆ ಬಂತು. 5:20 – ಎದ್ದ, ಮತ್ತೆ ಉರಿ.’

ದಾವಣಗೆರೆಯ ದಂತ ಕಾಲೇಜಿನಲ್ಲಿ ನನ್ನನ್ನು ನೋಡಿದ ವೈದ್ಯೆ ಸ್ಕ್ಯಾನ್‌ಗಿಂತ ಮೊದಲು ಆ ನೋಟ್‌ಬುಕ್ಕನ್ನೇ ಓದಿದರು. ಬಿಸಿಗೂ ತಂಪಿಗೂ ಬದಲಾಗದ, ನೋವಿನ ಮಾತ್ರೆಗೂ ಬಗ್ಗದ, ಆದರೆ ನಿದ್ದೆ ಹತ್ತಿದ ಮೇಲೆ ಎಬ್ಬಿಸದ ನೋವಾದ್ದರಿಂದ ಅವರ ಅನುಮಾನ ಹಲ್ಲಿನಿಂದ ನರದ ಕಡೆಗೆ ತಿರುಗಿತು. ಹಲ್ಲಿನ ಬೇರಿನೊಳಗೆ ಚಿಕಿತ್ಸೆಯಾಗದೆ ಬಿಟ್ಟುಹೋದ ಕಾಲುವೆಯಾಗಲಿ ಬೇರಿನ ತುದಿಯ ಸೋಂಕಾಗಲಿ ಇಲ್ಲವೆಂದು ಸ್ಕ್ಯಾನ್‌ನಲ್ಲಿ ಖಚಿತವಾಯಿತು. ರೂಟ್ ಕೆನಾಲ್‌ನಲ್ಲಿ ಹಲ್ಲಿನೊಳಗಿನ ತಿರುಳಿನ ಜೊತೆ ಅದರ ನರದ ಎಳೆಗಳನ್ನೂ ತೆಗೆಯುತ್ತಾರೆ. ಕೆಲವೇ ಕೆಲವರಲ್ಲಿ ಕತ್ತರಿಸಿದ ಆ ನರ ತೆಪ್ಪಗಾಗದೆ, ಇಲ್ಲದ ಗಾಯದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತಲೇ ಇರುತ್ತದಂತೆ. ಹಾಗಿರುವಾಗ ಹಲ್ಲು ಕೀಳಿಸಿದರೂ ಖಾಲಿ ಜಾಗದಲ್ಲೇ ನೋವು ಉಳಿಯಬಹುದು, ಆಗ ಪಕ್ಕದ ಹಲ್ಲಿನ ಮೇಲೆ ಅನುಮಾನ ಬರುತ್ತದೆ, ಹೀಗೆ ಒಳ್ಳೆಯ ಹಲ್ಲುಗಳನ್ನು ಸಾಲಾಗಿ ಕಳೆದುಕೊಂಡವರಿದ್ದಾರೆ ಎಂದು ಅವರು ಹೇಳುವಾಗ ನನಗೆ ಬಚ್ಚಲ ಕನ್ನಡಿ ಕಣ್ಣ ಮುಂದೆ ಬಂತು.

ರಾತ್ರಿ ಒಂದರಂತೆ 10 ಮಿ.ಗ್ರಾಂ. ಅಮಿಟ್ರಿಪ್ಟಿಲೀನ್ ಬರೆದುಕೊಟ್ಟರು. ಖಿನ್ನತೆಗೆ ಕೊಡುವ ಮಾತ್ರೆಯೆಂದು ಮೆಡಿಕಲ್ ಅಂಗಡಿಯವರು ನನ್ನನ್ನು ಒಂದು ಥರ ನೋಡಿದರು. ಕಡಿಮೆ ಪ್ರಮಾಣದಲ್ಲಿ ಅದು ನರದ ನೋವಿಗೂ ಮದ್ದು. ಮೊದಮೊದಲು ಬಾಯಿ ಒಣಗಿ, ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತಲ್ಲೇ ತೂಕಡಿಸಿದ್ದೂ ಉಂಟು. ನೋವು ಈಗಲೂ ಪೂರ್ತಿ ಹೋಗಿಲ್ಲ, ಚಳಿಗಾಳಿಗೆ ಒಮ್ಮೊಮ್ಮೆ ಮಿಡುಕುತ್ತದೆ. ಆದರೆ ಸೋಮವಾರ ‘ಮಕ್ಕಳೇ’ ಎಂದೆ, ಉರಿ ಏಳಲಿಲ್ಲ.

ಮೊನ್ನೆ ಭಾನುವಾರ ಅಡುಗೆಮನೆಯ ನಲ್ಲಿ ಸೋರುತ್ತಿತ್ತೆಂದು ಮನೆಯೆಲ್ಲ ಜಾಲಾಡಿದರೂ ಇಕ್ಕಳ ಸಿಗದೆ, ಅಣ್ಣನ ಮನೆಗೆ ಕೇಳಲು ಹೋದೆ. ಅತ್ತಿಗೆ ಏನೂ ಹೇಳದೆ ಅಕ್ಕಿ ಡಬ್ಬಕ್ಕೆ ಮೊಳಕೈವರೆಗೂ ಕೈಹಾಕಿ, ತಳದಿಂದ ನನ್ನ ಇಕ್ಕಳವನ್ನೇ ತೆಗೆದುಕೊಟ್ಟರು. ಸಂಜೆ ಬಂದು ಅದನ್ನು ವಾಪಸು ಇಸಿದುಕೊಂಡು ಹೋದರು.