ಪಾರ್ಸೆಲ್ ಹೊರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

"ಮೊದಲಿನ ತಾಕತ್ತಿಲ್ಲ ಮಾರಾಯ, ನಾನೇ ಸೋಮಾರಿ ಆಗಿಬಿಟ್ಟೆನೇನೋ" ಅಂತ ಬರೆದಿದ್ದೀಯಲ್ಲ, ಆ ಒಂದು ಮಾತು ನನ್ನನ್ನು ತುಂಬಾ ಕಾಡಿತು. ನೀನು ಸೋಮಾರಿಯಲ್ಲ. ನಿನ್ನ ಕೂಲಿಯ ಲೆಕ್ಕ ಹಾಕಿದವರಿಗೆ ನಮ್ಮ ಕೊಡಗಿನ ರಸ್ತೆ ಗೊತ್ತಿಲ್ಲ.

ಒಂದು ಪಾರ್ಸೆಲ್‌ಗೆ ಇಷ್ಟು ಅಂತ ದುಡ್ಡು. ಬೆಂಗಳೂರಿನಲ್ಲಾದರೆ ಒಂದೇ ಅಪಾರ್ಟ್‌ಮೆಂಟಿನಲ್ಲಿ ಹತ್ತು ಮನೆ ಮುಗಿಸಿ ಇಳಿಯಬಹುದು. ನಿನಗೆ ಗಾಳಿಬೀಡಿನಲ್ಲಿ ಒಂದು ಮನೆ, ಮಕ್ಕಂದೂರಿನಲ್ಲಿ ಇನ್ನೊಂದು. ವಿಳಾಸದಲ್ಲಿ ಮನೆತನದ ಹೆಸರು, ಊರಿನ ಹೆಸರು, ಅಷ್ಟೇ. ಫೋನ್ ಮಾಡಿದರೆ ತೋಟದೊಳಗೆ ನೆಟ್‌ವರ್ಕ್ ಇರುವುದಿಲ್ಲ. ವಾಪಸ್ ತಂದ ಪಾರ್ಸೆಲ್‌ಗೆ ಕಾಸಿಲ್ಲ, ಪೆಟ್ರೋಲ್ ಮಾತ್ರ ನಿನ್ನ ಜೇಬಿನದು. ಜುಲೈ ಮಳೆಯಲ್ಲಿ, ಹತ್ತು ಅಡಿ ಮುಂದೆ ಕಾಣದ ಮಂಜಿನಲ್ಲಿ, ಅದೇ ರೇಟು. ಸಿದ್ದಾಪುರದ ಕಡೆ ಓಡಾಡುವ ಹುಡುಗರಿಗೆ ಆನೆ ಭಯ ಬೇರೆ. ಹೀಗೆ ದುಡಿದರೆ ಯಾವ ದೇಹ ತಾನೇ ತಡೆದೀತು?

ಜ್ವರ ಇದ್ದರೂ ಬೈಕ್ ಹತ್ತುತ್ತೀಯಂತೆ. ಯಾಕೆ ಅಂತ ಗೊತ್ತು. ನಿನ್ನ ಜೊತೆಯವನ ಆ್ಯಪ್ ಐಡಿ ಬೆಳಿಗ್ಗೆ ಏಳುವಷ್ಟರಲ್ಲಿ ಬ್ಲಾಕ್ ಆಗಿ, ಕೆಲಸವೇ ಹೋಗಿತ್ತು. ಕಾರಣ ಕೇಳಿದರೆ ಪಾರ್ಸೆಲ್ ಹಂಚಿಕೊಡುವ ಹಬ್‌ನವರು "ಮೇಲಿನವರನ್ನು ಕೇಳಿ" ಅಂದರು. ಆವತ್ತಿನಿಂದ ನಿನಗೂ ನಿದ್ದೆಯಿಲ್ಲ, ಅಲ್ವಾ? ಮಗಳು ಮಾತಾಡಿಸಿದರೂ ರೇಗುತ್ತೀಯಂತೆ. ನನಗೆ ಜಾಸ್ತಿ ಹೆದರಿಕೆಯಾದದ್ದು ಇದನ್ನು ಓದಿಯೇ.

ಒಂದು ವಿಷಯ ನಿನಗೆ ತಿಳಿದಿರಲಿ. ನಮ್ಮ ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರಿಗೆಂದೇ, ಅಂದರೆ ನಿನ್ನ ಹಾಗೆ ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವವರಿಗೆಂದೇ, ಕಾನೂನು ಬಂದಿದೆ. ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ. ಸಕಾರಣವನ್ನು ಬರಹದಲ್ಲಿ ಕೊಟ್ಟು, 14 ದಿನ ಮುಂಚೆ ನೋಟಿಸ್ ಕೊಟ್ಟೇ ಕೆಲಸದಿಂದ ತೆಗೆಯಬೇಕು ಅನ್ನುತ್ತದೆ ಅದು. ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನೂ ಕಂಪನಿಗಳು ಕಟ್ಟಬೇಕು. ನಡುವೆ ಗುತ್ತಿಗೆದಾರ ಇದ್ದಾನೆ ಅಂತ ಹಬ್‌ನವರು ಜಾರಿಕೊಳ್ಳಬಹುದು. ಜಾರಿಕೊಳ್ಳಲಿ, ಐಡಿ ಬ್ಲಾಕ್ ಆದ ಆ ಹುಡುಗನನ್ನೂ ಕರೆದುಕೊಂಡು ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಕೇಳೋಣ. ಪಿಎಫ್, ಇಎಸ್‌ಐ ಇಲ್ಲದವರಿಗೆ ರಾಜ್ಯದ ವಿಮಾ ಯೋಜನೆಯೂ ಇದೆ. ಜೀವವಿಮೆ 2 ಲಕ್ಷ, ಅಪಘಾತ ವಿಮೆ 2 ಲಕ್ಷ. ಅದಕ್ಕೆ ಇ-ಶ್ರಮ್, ಅಂದರೆ ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ಮಾಡಿರುವ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ನೀನು ಇನ್ನೂ ಮಾಡಿಸಿಲ್ಲ ಅಂತ ನಿನ್ನ ಹೆಂಡತಿ ಹೇಳಿದರು.

ದೂರಕ್ಕೆ ತಕ್ಕ ರೇಟು ಮಾತ್ರ ಸುಮ್ನೆ ಕೂತರೆ ಸಿಗುವುದಿಲ್ಲ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪದ ಹುಡುಗರೆಲ್ಲ ಸೇರಿ ಕೇಳಬೇಕು. ಒಬ್ಬನೇ ಕೇಳಿದರೆ ನಾಳೆ ನಿನ್ನ ಐಡಿಗೇ ಕುತ್ತು ಬಂದೀತು.

ಸೋಮವಾರ ಬರುತ್ತೇನೆ. ಹಬ್‌ಗೆ ಅವತ್ತು ರಜಾ ಹೇಳು. ಆಧಾರ್, ಬ್ಯಾಂಕ್ ಪಾಸ್‌ಬುಕ್ ತೆಗೆದಿಡು. ಆ್ಯಪ್‌ನಲ್ಲಿ ದಿನದ ಲೆಕ್ಕ ತೋರಿಸುವ ಪುಟದ ಸ್ಕ್ರೀನ್‌ಶಾಟ್‌ಗಳನ್ನು ಇವತ್ತಿನಿಂದಲೇ ಉಳಿಸಿಕೋ. ಜ್ವರ ಬಿಟ್ಟಿಲ್ಲದಿದ್ದರೆ ಮೊದಲು ಡಾಕ್ಟರ ಹತ್ತಿರ, ಆಮೇಲೆ ಮಿಕ್ಕಿದ್ದು.

ನಿನ್ನ ಗೆಳೆಯ