‘ಹೆಂಗಿದೆ?’ ಎಂದರೆ ‘ಸೂಪರ್’ ಎಂದೇ ಉತ್ತರ

ಮಾನ್ಯರೇ,

ಮಲಗುವ ಕೋಣೆಯಲ್ಲೇ ಸ್ವಂತ ಹಾಡು ರೆಕಾರ್ಡ್ ಮಾಡುವ ಕನ್ನಡ ಬ್ಯಾಂಡ್‌ಗಳು ಈಗ ಸಣ್ಣ ಊರುಗಳಲ್ಲೂ ಇವೆ. ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸ್ ಮುಗಿದ ರಾತ್ರಿಯೇ ಹಾಡು ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ‘ಹೆಂಗಿದೆ?’ ಎಂದರೆ ‘ಸೂಪರ್ ಮಗಾ’, ಜೊತೆಗೆ ಎರಡು ಬೆಂಕಿ ಇಮೋಜಿ. ಅಷ್ಟು ಸಡಿಲ ಪ್ರಶ್ನೆಗೆ ಇನ್ನೆಂಥ ಉತ್ತರ ಬಂದೀತು?

ಅಭಿಪ್ರಾಯ ಕೇಳುವ ಕೆಲಸ ಮಿಕ್ಸ್‌ಗಿಂತ ಬಹಳ ಮೊದಲೇ ಶುರುವಾಗಬೇಕು. ಒಂದು ಗಿಟಾರ್, ಒಂದು ದನಿ, ಫೋನಿನಲ್ಲಿ ಹಿಡಿದ ಕಚ್ಚಾ ಪ್ರತಿ ಸಾಕು. ಮಟ್ಟು, ಸಾಹಿತ್ಯ, ಶ್ರುತಿ ಮೂರನ್ನೂ ಆಗಲೇ ಇತ್ಯರ್ಥ ಮಾಡಿಕೊಳ್ಳಬೇಕು. ಪಲ್ಲವಿಯ ಮೇಲಿನ ಸ್ವರ ಗಾಯಕಿಗೆ ಎಟುಕುತ್ತಿಲ್ಲ ಎಂದು ಕೊನೆಗೆ ಗೊತ್ತಾದರೆ ಗಿಟಾರ್, ಬೇಸ್ ಎಲ್ಲವನ್ನೂ ಮತ್ತೆ ನುಡಿಸಬೇಕಾಗುತ್ತದೆ.

ಮಟ್ಟಿಗೆ ಪದ ಕೂರಿಸುವಾಗ ಕನ್ನಡದ್ದೇ ಒಂದು ತೊಡಕಿದೆ. ಹ್ರಸ್ವಾಕ್ಷರದ ಮೇಲೆ ಉದ್ದ ಸ್ವರ ಬಿದ್ದರೆ ‘ಕರು’ ಹೋಗಿ ‘ಕಾರು’ ಆಗುತ್ತದೆ, ‘ಮರಿ’ ಹೋಗಿ ‘ಮಾರಿ’! ಬರೆದವರಿಗೆ ಸಾಲು ಬಾಯಿಪಾಠ, ಹಾಗಾಗಿ ಅವರ ಕಿವಿಗೆ ಇದು ಬೀಳುವುದೇ ಇಲ್ಲ. ಸಾಹಿತ್ಯ ನೋಡಿರದ ಒಬ್ಬರಿಗೆ ಹಾಡನ್ನು ಒಮ್ಮೆ ಕೇಳಿಸಿ, ಕಿವಿಗೆ ಬಿದ್ದದ್ದನ್ನು ಬರೆದುಕೊಡಲು ಹೇಳಬೇಕು. ಅವರು ತಪ್ಪಾಗಿ ಬರೆದ ಪದಗಳೇ ತಿದ್ದಬೇಕಾದ ಪದಗಳು. ಇದಕ್ಕೆ ಸಂಗೀತಗಾರರೇ ಆಗಬೇಕಿಲ್ಲ, ಮನೆಯ ಅಜ್ಜಿಯೂ ಆದೀತು.

ಆಮೇಲೆ ರೆಕಾರ್ಡಿಂಗ್. ಬರಿಗೋಡೆಯ ಕೋಣೆಯ ಪ್ರತಿಧ್ವನಿ ಒಮ್ಮೆ ದನಿಯೊಳಗೆ ಸೇರಿತೆಂದರೆ ಅದನ್ನು ಪೂರ್ತಿ ತೆಗೆಯಲಾಗದು. ಆದ್ದರಿಂದ ಇಡೀ ಹಾಡು ಹಾಡುವ ಮೊದಲೇ ಒಂದು ಚರಣವನ್ನಷ್ಟೇ ಹಿಡಿದು ಅನುಭವಿಗಳಿಗೆ ಕೇಳಿಸುವುದು ಒಳ್ಳೆಯದು. ಪ್ರತಿಧ್ವನಿ ಹೀರಲೆಂದು ಕೌದಿ ಕಟ್ಟುವವರು ಅದನ್ನು ಮೈಕಿನ ಹಿಂದೆ ಕಟ್ಟಿ ಸುಮ್ಮನಾಗುತ್ತಾರೆ. ಆದರೆ ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ತನ್ನ ಹಿಂದಿನ ಸದ್ದನ್ನು ಅಷ್ಟಾಗಿ ಹಿಡಿಯದು. ಗಾಯಕರ ಬೆನ್ನ ಹಿಂದಿನ ಗೋಡೆಯಿಂದ ಮರಳುವ ದನಿ ನೇರ ಅದರ ಮುಖಕ್ಕೇ ಬರುತ್ತದೆ. ಕೌದಿ ಇರಬೇಕಾದದ್ದು ಆ ಗೋಡೆಗೆ. ಬಾಯಿಗೂ ಮೈಕಿಗೂ 15ರಿಂದ 20 ಸೆಂ.ಮೀ. ಅಂತರ, ನಡುವೆ ‘ಪ’, ‘ಬ’ಗಳ ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್, ಎಷ್ಟೇ ಜೋರಾಗಿ ಹಾಡಿದರೂ ರೆಕಾರ್ಡಿಂಗ್ ಮೀಟರ್ ಮೈನಸ್ 10 ಡೆಸಿಬೆಲ್ ದಾಟದಷ್ಟು ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಇರಲಿ. ಫ್ಯಾನ್ ಆರಿಸುವುದನ್ನು ಬೇರೆ ಹೇಳಬೇಕಿಲ್ಲ.

ಮಿಕ್ಸ್ ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು. ಚಿತ್ರ ಅಂಟಿಸಿ ವಿಡಿಯೊ ಮಾಡಿದರೆ ದನಿ ಇನ್ನೊಮ್ಮೆ ಹಿಂಡಿಹೋಗುತ್ತದೆ. ಯಾವುದರಲ್ಲಿ ಕೇಳಿದಿರಿ ಎಂಬುದನ್ನೂ ವಿಚಾರಿಸಬೇಕು. ಬೇಸ್ ಗಿಟಾರಿನ ದಪ್ಪ ತಂತಿಯ ಮೂಲಸ್ವರ ಸುಮಾರು 41 ಹರ್ಟ್ಜ್. ಫೋನಿನ ಪುಟ್ಟ ಸ್ಪೀಕರ್ ಅದನ್ನು ನುಡಿಸಲಾರದು. ‘ಬೇಸೇ ಇಲ್ಲ’ ಎಂಬ ಮಾತು ನಂಬಿ ಬೇಸ್ ಏರಿಸಿದರೆ ಕಾರಿನಲ್ಲಿ ಬಾಗಿಲು ಅದುರುತ್ತದೆ. ಎರಡು ಮಿಕ್ಸ್‌ಗಳಲ್ಲಿ ಯಾವುದು ಚೆಂದ ಎಂದು ಕೇಳುವುದಾದರೆ ಎರಡರ ಲೌಡ್‌ನೆಸ್ (ಕಿವಿಗೆ ಕೇಳುವ ಜೋರು) ಒಂದೇ ಇರಬೇಕು, ಉದಾಹರಣೆಗೆ ಅದನ್ನು ಅಳೆಯುವ ಮಾನದಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್. ಇಲ್ಲವಾದರೆ ಜೋರಾಗಿರುವುದಕ್ಕೇ ಮತ ಬೀಳುತ್ತದೆ.

ಪ್ರಶ್ನೆಯೂ ಚೂಪಾಗಿರಲಿ: ಎಷ್ಟನೇ ಸೆಕೆಂಡಿಗೆ ಬೇಜಾರಾಯಿತು? ಯಾವ ಪದ ಕೇಳಿಸಲಿಲ್ಲ? ಮರುದಿನ ಯಾವ ಸಾಲು ಬಾಯಿಗೆ ಬಂತು? ಐವರಲ್ಲಿ ಮೂವರು ಒಂದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. ಆದರೆ ಅವರು ಸೂಚಿಸುವ ಮದ್ದು ಸರಿಯಿರಬೇಕೆಂದೇನಿಲ್ಲ. ‘ವಾಯ್ಸ್ ಜೋರು ಮಾಡಿ’ ಎನ್ನುತ್ತಾರೆ. ನಿಜಕ್ಕೂ ಗಿಟಾರ್ 2ರಿಂದ 4 ಕಿಲೋಹರ್ಟ್ಜ್ ನಡುವೆ ದನಿಯ ಜಾಗ ತಿನ್ನುತ್ತಿರುತ್ತದೆ. ಅಲ್ಲಿ 2–3 ಡೆಸಿಬೆಲ್ ತಗ್ಗಿಸಿದರೆ ದನಿ ತಾನೇ ಮುಂದೆ ಬರುತ್ತದೆ.

ಸಿನಿಮಾ ಹಾಡುಗಳಿಗೆ ಪುಟಗಟ್ಟಲೆ ಜಾಗ ಕೊಡುವ ಪುರವಣಿಗಳು ತಿಂಗಳಿಗೊಮ್ಮೆ, ಬ್ಯಾಂಡಿನ ಒಪ್ಪಿಗೆ ಪಡೆದು, ಇಂಥ ಒಂದು ಹಾಡನ್ನು ಬಿಡುಗಡೆಗೆ ಮುನ್ನವೇ ಬಲ್ಲವರಿಗೆ ಕೇಳಿಸಿ, ಯಾವ ನಿಮಿಷದಲ್ಲಿ ಏನು ಸರಿಯಿಲ್ಲ, ಏಕೆ ಎಂದು ಬರೆಸಬಹುದಲ್ಲವೇ? ‘ಚೆನ್ನಾಗಿದೆ’ ಎಂಬ ಪದವನ್ನು ಮಾತ್ರ ಆ ಅಂಕಣದಿಂದ ಹೊರಗಿಡಿ.

– ಹವ್ಯಾಸಿ ಧ್ವನಿಮುದ್ರಕರು, ಮೈಸೂರು