ಆಣೆ ಕೇಳದ ಮನೆಯವರಿಗೆ

ಕುಡಿತ ಬಿಟ್ಟ ಹೆಂಗಸರು ಚಿಕಿತ್ಸೆ ಮುಗಿದ ಮೇಲೆ ಕೆಲವು ತಿಂಗಳು ಒಟ್ಟಿಗೆ ಇರುವ ಮನೆಯಿಂದ ಈ ವಾರ ಹೊರಗೆ ಬಂದೆ. ಈಗ ನನ್ನದೇ ಬಾಡಿಗೆ ರೂಮು. ಹೊರಡುವ ಗಡಿಬಿಡಿಯಲ್ಲಿ ಯಾರಿಗೂ ಸರಿಯಾಗಿ ಹೇಳೋಕೆ ಆಗಲಿಲ್ಲ.

ಮೊದಲ ಥ್ಯಾಂಕ್ಸ್ ರಾತ್ರಿ ಊದಿಸುತ್ತಿದ್ದ ಮಷೀನಿಗೆ. ತಮಾಷೆ ಅಲ್ಲ. ನಮ್ಮ ಮನೆಯಲ್ಲಿ ಪ್ರತಿ ಸಲ ಮಕ್ಕಳ ಮೇಲೆ ಆಣೆ ಮಾಡಿಸುತ್ತಿದ್ದರು. ಮಾಡಿ ಮಾಡಿ ಆಣೆಗೂ ಬೆಲೆ ಇಲ್ಲದಂತಾಗಿತ್ತು. ಇಲ್ಲಿ ಊದಬೇಕು, ಸೊನ್ನೆ ಬಂದರೆ ಪುಸ್ತಕದಲ್ಲಿ ಸಹಿ ಹಾಕಬೇಕು, ಅಷ್ಟೇ. ಹಳಬರೂ ಊದುತ್ತಿದ್ದರು. ನನ್ನ ಮುಖ ನೋಡಿ ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಎಷ್ಟು ಹಗುರ ಅನ್ನಿಸುತ್ತಿತ್ತು ಗೊತ್ತಾ!

ಕೆಮ್ಮಿನ ಸಿರಪ್ಪು, ಬಾಯಿ ಮುಕ್ಕಳಿಸುವ ಔಷಧಿ ಕೊಳ್ಳುವ ಮೊದಲು ಆಲ್ಕೋಹಾಲ್ ಇದೆಯಾ ಅಂತ ಲೇಬಲ್ ಓದಲು ಕಲಿಸಿದ ರೂಮ್‌ಮೇಟಿಗೂ ಥ್ಯಾಂಕ್ಸ್.

ಮನೆ ನೋಡಿಕೊಳ್ಳುವ ಅಕ್ಕ ಉಪದೇಶ ಮಾಡಿದ್ದು ನೆನಪಿಲ್ಲ. ಸಂಜೆ ಹೊತ್ತು ನಾನು ಸುಮ್ನೆ ಅತ್ತಿಂದಿತ್ತ ಓಡಾಡುತ್ತಿದ್ದರೆ ನಾಲ್ಕೇ ಪ್ರಶ್ನೆ: ಹಸಿವಾಗಿದೆಯಾ? ಸಿಟ್ಟು ಬಂದಿದೆಯಾ? ಒಂಟಿ ಅನ್ನಿಸ್ತಿದೆಯಾ? ಸುಸ್ತಾಗಿದೆಯಾ? ಜಾಸ್ತಿ ಸಲ ಹಸಿವೇ ಆಗಿರುತ್ತಿತ್ತು. ಊಟ ಮಾಡಿದರೆ ಕುಡಿಯುವ ಆಸೆ ಅರ್ಧ ಇಳಿಯುತ್ತಿತ್ತು.

ಚಿಕಿತ್ಸೆ ಮುಗಿಸಿ ನೇರ ಮನೆಗೆ ಹೋಗಬೇಡ ಅಂದ ಡಾಕ್ಟರಿಗೂ ಋಣಿ. ಮೈಯಿಂದ ಮದ್ಯ ಇಳಿಯೋದು ಕೆಲವು ದಿನದ ಕೆಲಸ, ನಿದ್ದೆ ಮತ್ತು ಮನಸ್ಸು ದಾರಿಗೆ ಬರೋಕೆ ತಿಂಗಳುಗಟ್ಟಲೆ ಬೇಕು ಅಂತ ಬಿಡಿಸಿ ಹೇಳಿದರು. ಹೆಂಗಸರ ಮೈಯಲ್ಲಿ ನೀರಿನಂಶ ಕಡಿಮೆ, ಹಾಗಾಗಿ ಅಷ್ಟೇ ಕುಡಿದರೂ ರಕ್ತದಲ್ಲಿ ಮದ್ಯ ಜಾಸ್ತಿ ನಿಲ್ಲುತ್ತದೆ ಅಂತ ತಿಳಿದದ್ದೂ ಅವರಿಂದಲೇ. ಅದುವರೆಗೆ ನಾನು ಕೇಳಿದ್ದೆಲ್ಲ ನನ್ನ ನಡತೆಯ ಬಗ್ಗೆ. ಗಂಡಸು ಕುಡಿದರೆ ಚಟ, ಹೆಂಗಸು ಕುಡಿದರೆ ಕುಲಗೆಟ್ಟವಳು, ಅಲ್ವಾ?

1975ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಇಂಥದೇ ಒಂದು ಮನೆ ಮುಚ್ಚುವುದರಲ್ಲಿತ್ತು. ಅಲ್ಲಿದ್ದವರೇ ಬಾಡಿಗೆ ಹಂಚಿಕೊಂಡು 'ಆಕ್ಸ್‌ಫರ್ಡ್ ಹೌಸ್' ಶುರುಮಾಡಿದರು. ಎಲ್ಲದಕ್ಕೂ ಓಟು, ಕುಡಿದವರು ಹೊರಗೆ. ನಮ್ಮಲ್ಲೂ ಅದೇ ರೂಲು. ನನ್ನ ಪಕ್ಕದ ಹಾಸಿಗೆಯವಳು ಕುಡಿದು ಬಂದಾಗ ನಾನೂ ಕೈ ಎತ್ತಬೇಕಾಯಿತು. ಅವಳನ್ನು ಬೀದಿಗೆ ಬಿಡಲಿಲ್ಲ, ಅಕ್ಕ ಅವತ್ತೇ ಚಿಕಿತ್ಸೆಗೆ ಸೇರಿಸಿ ಬಂದರು. ಆಮೇಲೆ ವಾಪಸ್ ಬಂದವಳು ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. "ನೀನು ಕೈ ಎತ್ತದಿದ್ದರೆ ನಿನ್ನನ್ನೂ ಜೊತೆಗೆ ಕೂರಿಸಿಕೊಂಡು ಕುಡಿಯುತ್ತಿದ್ದೆ" ಅಂದಳು. ಅವಳಿಗೆ ಎಲ್ಲರಿಗಿಂತ ದೊಡ್ಡ ಥ್ಯಾಂಕ್ಸ್.

ನನ್ನ ಮಕ್ಕಳನ್ನು ಇಷ್ಟು ದಿನ ಇಟ್ಟುಕೊಂಡ ತಂಗಿಗೆ ಏನು ಹೇಳಿದರೂ ಕಡಿಮೆ. ಅವಳಿಲ್ಲದಿದ್ದರೆ ನಾನು ಚಿಕಿತ್ಸೆಗೇ ಹೋಗುತ್ತಿರಲಿಲ್ಲ.

ವಾರದ ಮೀಟಿಂಗಿಗೆ ಬರುತ್ತಲೇ ಇರುತ್ತೇನೆ. ಬಚ್ಚಲು ತೊಳೆಯುವ ನನ್ನ ಪಾಳಿ ಯಾರ ತಲೆಗೆ ಬಿತ್ತೋ, ಅವರಿಗೆ ಮಾತ್ರ ಸಾರಿ.